ಅಗಲಿಕೆಯ ದುಃಖ ಮತ್ತು ಹಿರಿಯರ ಹೊಣೆ

ಷೇಕ್ಸ್‌ಪಿಯರನ ‘ರೋಮಿಯೋ ಅಂಡ್ ಜೂಲಿಯೆಟ್’ ನಾಟಕವು 1889ರಲ್ಲಿ ‘ರಾಮವರ್ಮ-ಲೀಲಾವತಿ’ಯಾಗಿ ಕನ್ನಡಕ್ಕೆ ರೂಪಾಂತರಗೊಂಡಿತು. ಮೂಲ ನಾಟಕದಲ್ಲಿ, ಟಿಬಾಲ್ಟನನ್ನು ಕೊಂದ ರೋಮಿಯೋವಿಗೆ ವೆರೋನಾದ ದೊರೆಯು ವಿಧಿಸಿದ್ದು ಮರಣದಂಡನೆಯಲ್ಲ, ಗಡೀಪಾರು. ಆದರೂ ಆ ತರುಣನು ನೆಲಕ್ಕೆ ಬಿದ್ದು ಹೊರಳಾಡಿ, ತನ್ನನ್ನೇ ಇರಿದುಕೊಳ್ಳಲು ಮುಂದಾದನು. ಸಂನ್ಯಾಸಿ ಲಾರೆನ್ಸನು ಗದರಿಸಿ, ಉಳಿದಿರುವ ಭಾಗ್ಯಗಳನ್ನು ಒಂದೊಂದಾಗಿ ಎಣಿಸಿ ತೋರಿಸಿದಾಗ ಅವನ ಮನಸ್ಸು ತಹಬಂದಿಗೆ ಬಂದಿತು.

ಜೂಲಿಯೆಟ್ಟಳಿಗಾದರೋ ಬಂಧುವಿನ ಸಾವಿಗಿಂತ ಪತಿಯ ಅಗಲಿಕೆಯೇ ಘೋರವಾಗಿತ್ತು. ಅವಳ ಗುಟ್ಟಿನ ವಿವಾಹವನ್ನರಿಯದ ತಾಯಿತಂದೆಗಳು, ಆ ಕಣ್ಣೀರು ಟಿಬಾಲ್ಟನಿಗಾಗಿ ಎಂದೇ ಬಗೆದು, ಪ್ಯಾರಿಸನೊಡನೆ ಅವಸರದ ಮದುವೆ ನಿಶ್ಚಯಿಸಿದರು. ಒಲ್ಲೆನೆಂದಾಗ ತಂದೆಯು ಮನೆಯಿಂದ ಹೊರದೂಡುವೆನೆಂದು ಬೆದರಿಸಿದನು. ಹೀಗೆ ಅವಳಿಗೆ ತವರುಮನೆಯೇ ಗಡೀಪಾರಿನ ಊರಾಯಿತು.

ಮಕ್ಕಳ ಅಳುವಿಗೆ ಪರಿಹಾರವನ್ನು ಹುಡುಕುವ ಮುನ್ನ ಅದರ ಕಾರಣವನ್ನು ಶಾಂತವಾಗಿ ಕೇಳಿ ತಿಳಿಯುವುದು ಹಿರಿಯರ ಮೊದಲ ಧರ್ಮ.