ಬಿಸಿಲಿಗೆ ಹಿಡಿದು ನೋಡಿ

ಬಳ್ಳಾರಿಗೆ ಎರಡೇ ಕಾಲ, ಬೇಸಿಗೆ ಮತ್ತು ಬಲು ಬೇಸಿಗೆ ಎಂದು ನಾವೇ ಆಡಿಕೊಂಡು ನಗುತ್ತೇವೆ. ಅಂಥ ಊರಲ್ಲಿ ಹುಟ್ಟಿ ಬೆಳೆದ ನನ್ನನ್ನು ಅಣ್ಣನ ಮಗಳು ಒಂದು ದಿನ ಮೇಲೆ ಕೆಳಗೆ ನೋಡಿ, “ಚಿಕ್ಕಪ್ಪ, ನೀನು ಚಳಿಗಾಲ” ಎಂದಳು. ನನಗೆ ಬೆವರು ಇಳಿಯುತ್ತಿತ್ತು.

ಅವಳ ಮಾತಿಗೆ ಆಧಾರವಿತ್ತು. ಕ್ಯಾರೊಲ್ ಜಾಕ್ಸನ್ ಎಂಬ ಅಮೆರಿಕದ ಹೆಣ್ಣುಮಗಳು 1980ರಲ್ಲಿ ‘ಕಲರ್ ಮಿ ಬ್ಯೂಟಿಫುಲ್’ ಎಂಬ ಪುಸ್ತಕ ಬರೆದು, ಮೈಬಣ್ಣ, ಕೂದಲು, ಕಣ್ಣು ನೋಡಿ ಮನುಷ್ಯರನ್ನೆಲ್ಲ ನಾಲ್ಕು ಋತುಗಳಿಗೆ ಹಂಚಿಬಿಟ್ಟಳು. ಕಪ್ಪು ಕೂದಲು, ಕಪ್ಪು ಕಣ್ಣಿನವರಲ್ಲಿ ಬಹುಪಾಲು ಚಳಿಗಾಲದ ಪಾಲಿಗೆ ಬಂದರು. ಆ ಲೆಕ್ಕ ಹಿಡಿದರೆ ಸಿರುಗುಪ್ಪದಿಂದ ಸಂಡೂರಿನವರೆಗೆ ನಾವೆಲ್ಲ ಹಿಮಾಲಯದವರೇ!

ಅಣ್ಣನ ಮಗಳು ಋತು ಹೇಳಿ ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. ಅದು 2024. ಪ್ಯಾಂಟೋನ್ ಎಂಬ ಅಮೆರಿಕದ ಬಣ್ಣದ ಕಂಪನಿ ಆ ವರ್ಷದ ಬಣ್ಣವೆಂದು ಸಾರಿದ್ದು ಪೀಚ್, ಅಂದರೆ ಕೆನೆಗೆ ಚಿಟಿಕೆ ಕುಂಕುಮ ಕಲಸಿದಂಥ ಬಣ್ಣ. ಅಂಗಡಿಯ ಟ್ಯೂಬ್‌ಲೈಟಿನಡಿ ಅದೇ ಬಣ್ಣದ ಅಂಗಿ ಹಿಡಿದು “ಈಗ ಇದೇ ನಡೀತಿರೋದು” ಎಂದಳು. ಕೊಂಡೆ. ಕುರುಗೋಡು ದೊಡ್ಡಬಸವೇಶ್ವರನ ತೇರಿಗೆ ಅದನ್ನೇ ತೊಟ್ಟು ಹೋದೆ. ಏಕಶಿಲೆಯ ಆ ಭಾರೀ ಬಸವಣ್ಣನಿಗೆ ಕೈಮುಗಿದು ಹೊರಬಂದಾಗ ಸಿರುಗುಪ್ಪದ ಚಿಗವ್ವ ಎದುರಾದಳು.

“ಯಾಕಪ್ಪಾ, ಜ್ವರ ಬಂದಿತ್ತೇನು? ಮಖ ಬಾಡೈತಲ್ಲ?”

ಜ್ವರ ಬಂದದ್ದು ನನಗಲ್ಲ, ಅಂಗಿಗೆ. ನನ್ನ ಎಣ್ಣೆಗಪ್ಪು ಮುಖದ ಕಳೆಯನ್ನೆಲ್ಲ ಅದು ಹೀರಿಬಿಟ್ಟಿತ್ತು.

ಚಿಗವ್ವ ಸೀರೆ ಕೊಳ್ಳುವ ರೀತಿಯೇ ಬೇರೆ. ಬಳ್ಳಾರಿಗೆ ಬಂದರೆ ಅಂಗಡಿಯವರು ಹಾಸಿದ್ದನ್ನು ಹಾಸಿದಲ್ಲೇ ನೋಡುವುದಿಲ್ಲ. ಸೆರಗನ್ನು ಎತ್ತಿಕೊಂಡು ಬಾಗಿಲಿಗೆ ಬಂದು, ಗದ್ದದ ಕೆಳಗೆ ಹಿಡಿದು, “ಹಗಲಿಗೆ ನೋಡಬೇಕಪ್ಪ” ಎನ್ನುತ್ತಾಳೆ. ಅದರಲ್ಲಿ ವಿಜ್ಞಾನವಿದೆ. ಟ್ಯೂಬ್‌ಲೈಟಿನಲ್ಲಿ ಇರುವ ಬಣ್ಣಗಳ ಬೆರಕೆ ಬೇರೆ, ಬಿಸಿಲಿನದೇ ಬೇರೆ. ಒಳಗೆ ಹೊಂದಿದ ಸೀರೆ, ಕುಪ್ಪಸ ಹೊರಗೆ ಬಂದೊಡನೆ ಜಗಳಕ್ಕೆ ನಿಲ್ಲುವುದು ಇದರಿಂದಲೇ.

ಗದ್ದದ ಕೆಳಗೇ ಏಕೆ ಹಿಡಿಯಬೇಕು? ಪ್ಯಾರಿಸ್ಸಿನ ಗೋಬೆಲಿನ್ ನೇಯ್ಗೆ ಕಾರ್ಖಾನೆಯಲ್ಲಿ ಒಮ್ಮೆ ಕಪ್ಪು ಬಣ್ಣ ಸರಿಯಾಗಿ ಕಪ್ಪಗೆ ಬರುತ್ತಿಲ್ಲವೆಂಬ ದೂರೆದ್ದಿತು. ಅಲ್ಲಿನ ಬಣ್ಣದ ಉಸ್ತುವಾರಿ, ರಸಾಯನ ವಿಜ್ಞಾನಿ ಷೆವ್ರಲ್ ಪರೀಕ್ಷಿಸಿದಾಗ ತಪ್ಪು ಕಪ್ಪಿನದಾಗಿರಲಿಲ್ಲ, ಅದರ ಪಕ್ಕ ನೇಯ್ದ ಬಣ್ಣದ್ದಾಗಿತ್ತು. 1839ರಲ್ಲಿ ಅವನು ಇದನ್ನೇ ದೊಡ್ಡ ಗ್ರಂಥ ಮಾಡಿದ. ನೆರೆಯನ್ನು ನೋಡಿ ಬಣ್ಣ ಬದಲಾಗುತ್ತದೆ. ಮುಖದ ನೆರೆ ಎಂದರೆ ಕಾಲರು, ಸೆರಗು. ಷೆವ್ರಲ್‌ನ ಹೆಸರು ಕೇಳದ ಚಿಗವ್ವ ಅದನ್ನು ಹೊಲದಲ್ಲಿ ಕಲಿತಿದ್ದಾಳೆ: “ಎರಿ ನೆಲ ಕರಿದೈತಂತ ಭತ್ತದ ಸಸಿ ಅಷ್ಟು ಹಸುರು ಕಾಣ್ತೈತಿ.” ಕಪ್ಪಗಿರುವವರಿಗೆ ಗಾಢ ಬಣ್ಣ ಒಪ್ಪದೆಂಬ ಮಾತಿಗೆ ಅವಳು ಸೊಪ್ಪು ಹಾಕಿದವಳಲ್ಲ. ಇಳಕಲ್ಲಿನ ಕೆಂಪು ಸೆರಗು ಹೊದ್ದರೆ ಅವಳ ಮುಖ ದೀಪ ಹಚ್ಚಿದಂತಿರುತ್ತದೆ.

‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎನ್ನುತ್ತಾರಲ್ಲ ಎಂದು ನೀವು ಕೇಳಬಹುದು. ನಿಜ. ಆದರೆ ಗಾದೆಯ ಆ ಪರರು ನಮ್ಮ ಮುಖ ಬಲ್ಲವರು, ಬಾಡಿದರೆ ಜ್ವರವೇ ಎಂದು ಕೇಳುವವರು. ನಮ್ಮನ್ನು ಕಾಣದೆ ವರ್ಷದ ಬಣ್ಣ ಗೊತ್ತುಮಾಡುವವರಿಗೆ ಆ ಪಟ್ಟ ಕೊಟ್ಟದ್ದು ನಾವೇ.

ನಮ್ಮೂರ ಜೀನ್ಸನ್ನೇ ನೋಡಿ. ಬಳ್ಳಾರಿಯ ಗಲ್ಲಿಗಲ್ಲಿಯಲ್ಲಿ ಹೊಲಿಯುವ ಆ ಬಟ್ಟೆಯ ಹಾಸಿನ ನೂಲು ನೀಲಿ, ಹೊಕ್ಕಿನದು ಬಿಳಿ. ನೀಲಿ ನೂಲಿನ ತಿರುಳಿಗಿಳಿಯದೆ ಮೇಲ್ಮೈಯಲ್ಲೇ ನಿಲ್ಲುತ್ತದೆ. ಹಾಗಾಗಿ ತೊಟ್ಟವನ ಮಂಡಿ ಮಡಚಿದಲ್ಲಿ, ಜೇಬು ಉಬ್ಬಿದಲ್ಲಿ ಮಾಸುತ್ತದೆ. ನಾಲ್ಕು ವರ್ಷ ತೊಟ್ಟರೆ ಅದು ಯಾರ ಪ್ಯಾಂಟೆಂದು ದೂರದಿಂದಲೇ ಹೇಳಬಹುದು. ಹೀಗೆ ಒಬ್ಬನದಾಗಲು ಬಣ್ಣಕ್ಕೆ ಸಮಯ ಬೇಕು. ವರ್ಷಕ್ಕೊಂದರಂತೆ ಬಿಡುವವನಿಗೆ ಅದು ಸಿಕ್ಕುವುದಿಲ್ಲ.

2025ಕ್ಕೆ ಪೀಚ್ ಹೋಗಿ ಕಂದು ಬಂತು. ಅದನ್ನು ಹೇಳಿದಾಗ ಚಿಗವ್ವ, “ನನ್ ಮಖ ವರ್ಷಕ್ಕೊಂದ್ ಸಲ ಬದ್ಲಾಗಲ್ಲಪ್ಪ” ಎಂದಳು.

ಆ ಪೀಚ್ ಅಂಗಿ ಈಗ ಅಣ್ಣನ ಮಗಳ ಬಳಿ ಇದೆ. ಬಾಗಿಲಿಗೆ ಕರೆದು ಬಿಸಿಲಿನಲ್ಲಿ ನಿಲ್ಲಿಸಿ ನೋಡಿದೆ. ಅವಳಿಗೆ ಚೆನ್ನಾಗಿ ಒಪ್ಪುತ್ತದೆ.