ಮುಳ್ಳನ್ನು ಹುಡುಕಿದ ಮೇಲೆ ತೇಪೆ

ಮನುಷ್ಯನಿಗೆ ಅರವತ್ತು ತುಂಬಿತೆಂದರೆ ಮನೆಯವರು ಅವನಿಂದ ನಿರೀಕ್ಷಿಸುವುದು ಎರಡೇ ಸಂಗತಿಗಳನ್ನು: ಸಂಜೆಯ ವಾಯುಸೇವನೆ, ಹೊತ್ತಿಗೆ ಸರಿಯಾಗಿ ಗುಳಿಗೆ. ಮೈಸೂರಿನ ನಿವೃತ್ತ ಗೃಹಸ್ಥರೊಬ್ಬರು ಇವೆರಡರ ಜೊತೆಗೆ ಮೂರನೆಯದೊಂದನ್ನು ಸೇರಿಸಿಕೊಂಡಾಗ ಮನೆಯಲ್ಲಿ ಸಣ್ಣ ಕೋಲಾಹಲವೇ ಎದ್ದಿತು. ಒಂದೇ ದಿನದಲ್ಲಿ ಸೈಕಲ್ಲಿನ ಮೇಲೆ 200 ಕಿಲೋಮೀಟರು ಹೋಗಿ ಬರುವ ಸವಾರಿಗೆ ಅವರು ಹೆಸರು ಕೊಟ್ಟು ಬಂದಿದ್ದರು.

"ಬಸ್ಸುಗಳೇನು ನಿಂತುಹೋಗಿವೆಯೇ? ಈ ವಯಸ್ಸಿನಲ್ಲಿ ನಿಮಗೇಕೆ ಈ ಉಸಾಬರಿ?" ಎಂದು ಅವರ ಪತ್ನಿ ಕೇಳಿದರು. ಪ್ರಶ್ನೆಯಲ್ಲಿ ನ್ಯಾಯವಿತ್ತು. ಹಿಂದಿನ ವರ್ಷವೂ ಗೃಹಸ್ಥರು ಹೊರಟಿದ್ದರು. ಹುಣಸೂರಿನ ಬಳಿ ಹಿಂದಿನ ಗಾಲಿ ಪಂಕ್ಚರಾಗಿ, ಟೈರನ್ನು ಕಳಚುವ ಬಗೆ ತಿಳಿಯದೆ, ಸೈಕಲ್ಲನ್ನು ಬಾಡಿಗೆಯ ವಾಹನಕ್ಕೆ ಹೇರಿ ಮಧ್ಯಾಹ್ನಕ್ಕೇ ಮನೆಗೆ ಮರಳಿದ್ದರು.

ಈ ಬಗೆಯ ಸವಾರಿಗಳಿಗೆ ಮೂಲ ಫ್ರಾನ್ಸ್ ದೇಶ. 1891ರಲ್ಲಿ 'ಲ ಪೆತಿ ಜುರ್ನಾಲ್' ಪತ್ರಿಕೆಯ ಪಿಯೆರ್ ಜಿಫಾರರು ಪ್ಯಾರಿಸ್ಸಿನಿಂದ ಸಮುದ್ರತೀರದ ಬ್ರೆಸ್ಟ್ ನಗರಕ್ಕೆ ಹೋಗಿ ಮರಳುವ, ಸುಮಾರು 1200 ಕಿಲೋಮೀಟರುಗಳ ಪಂದ್ಯವನ್ನು ಏರ್ಪಡಿಸಿದರು. ಷಾರ್ಲ್ ತೆರಾಂ ಎಂಬ ಸವಾರ ಸುಮಾರು 71 ಗಂಟೆಗಳಲ್ಲಿ ಅದನ್ನು ಮುಗಿಸಿ ಗೆದ್ದ. ಬೆಲ್‌ಫಾಸ್ಟಿನ ಪಶುವೈದ್ಯ ಡನ್‌ಲಪ್ ಗಾಳಿ ತುಂಬುವ ಟೈರನ್ನು ರೂಪಿಸಿ ಆಗ ಮೂರೇ ವರ್ಷಗಳಾಗಿದ್ದವು. ತೆರಾಂನ ಗಾಲಿಗಳಲ್ಲಿದ್ದುದು ಮಿಶೆಲಿನ್ ಸೋದರರ ಟೈರು; ಅದನ್ನು ಚಕ್ರದಿಂದ ಕಳಚಿ ರಿಪೇರಿ ಮಾಡಬಹುದಾಗಿತ್ತು. ಗಾಳಿಯ ಟೈರಿನ ಚರಿತ್ರೆಯೆಂದರೆ ಅರ್ಧ ಪಂಕ್ಚರಿನ ಚರಿತ್ರೆಯೇ.

ಅದು ಇಂದು ಪಂದ್ಯವಲ್ಲ. ನಾಲ್ಕು ವರ್ಷಗಳಿಗೊಮ್ಮೆ ನಡೆಯುವ ಆ ಯಾತ್ರೆಗೆ 90 ಗಂಟೆಗಳ ಗಡುವು. ಗಡುವಿನೊಳಗೆ ಬಂದವರೆಲ್ಲರೂ ಸಮಾನರು. ಅದಕ್ಕೆ ಅರ್ಹತೆ ಪಡೆಯಲು 200, 300, 400, 600 ಕಿಲೋಮೀಟರುಗಳ ಮೆಟ್ಟಿಲುಗಳನ್ನು ಏರಬೇಕು. ಮೊದಲ ಮೆಟ್ಟಿಲಿಗೆ ಹದಿಮೂರೂವರೆ ಗಂಟೆ. ಬೆನ್ನ ಹಿಂದೆ ನೆರವಿನ ವಾಹನ ಬರುವಂತಿಲ್ಲ. ಅಲ್ಲಲ್ಲಿ ನಿಗದಿಯಾದ ಠಾಣೆಗಳಲ್ಲಿ ಚೀಟಿಗೆ ಮುದ್ರೆ ಹಾಕಿಸಿಕೊಳ್ಳಬೇಕು. ಕೆಟ್ಟದ್ದನ್ನು ಕೆಟ್ಟಲ್ಲಿಯೇ ಸರಿಪಡಿಸಿಕೊಳ್ಳಬೇಕು.

ಗೃಹಸ್ಥರ ತಂದೆಯವರಿಗೆ ಇದೊಂದು ಸೋಜಿಗವಾಗಿ ಕಾಣುತ್ತಿರಲಿಲ್ಲ. ಅವರು ಹಳ್ಳಿಯ ಶಾಲೆಯ ಮೇಷ್ಟರು. ಕರಿಯ ಬಣ್ಣದ ಭಾರವಾದ ಸೈಕಲ್ಲಿನ ಮೇಲೆ ದಿನಕ್ಕೆ ಹತ್ತು ಮೈಲಿ ಹೋಗಿ ಬರುತ್ತಿದ್ದರು. ಭಾನುವಾರ ಬೆಳಗಿನ ಹೊತ್ತು ಸೈಕಲ್ಲಿನ ಸೇವೆಗೆ ಮೀಸಲು. ಅದನ್ನು ಅಂಗಳದಲ್ಲಿ ತಲೆಕೆಳಗಾಗಿ ನಿಲ್ಲಿಸಿ, ಸೀಮೆಎಣ್ಣೆಯಲ್ಲಿ ಚೈನನ್ನು ತೊಳೆದು, ಒರಸಿ, ಗುಂಡಿಗೊಂದು ತೊಟ್ಟಿನಂತೆ ಎಣ್ಣೆ ಬಿಡುವರು. ಬಳಿಕ ಪಾಠಶಾಲೆಯ ಮರದ ಅಡಿಪಟ್ಟಿಯನ್ನು ತಂದು ಚೈನಿಗೆ ಹಿಡಿದು ಏನನ್ನೋ ಅಳೆಯುವರು. ಗಡಿಯಾರ ಹನ್ನೊಂದು ಹೊಡೆಯುವವರೆಗೂ ಹುಡುಗ ಪಕ್ಕದಲ್ಲಿ ಕುಳಿತು ಪಾನಾ ಎತ್ತಿಕೊಡಬೇಕು. ಬೀದಿಯಲ್ಲಿ ಗೋಲಿಯಾಟ ಸಾಗಿರುವಾಗ ಇದಕ್ಕಿಂತ ದೊಡ್ಡ ಶಿಕ್ಷೆ ಯಾವ ಮಗುವಿಗೂ ಬೇಡ.

ಹುಡುಗ ಬೆಳೆದ, ಸ್ಕೂಟರು ಕೊಂಡ. ಮೇಷ್ಟರು ಹಾಸಿಗೆ ಹಿಡಿದ ವರ್ಷ, ಮನೆಗೆ ಸುಣ್ಣ ಹೊಡೆಸುವ ಗಡಿಬಿಡಿಯಲ್ಲಿ, ಹಿತ್ತಿಲ ಗೋಡೆಗೆ ಒರಗಿದ್ದ ಆ ಸೈಕಲ್ಲನ್ನು ಗುಜರಿಯವನಿಗೆ ಕೊಟ್ಟುಬಿಟ್ಟ. ಸುದ್ದಿ ಕೇಳಿದ ತಂದೆ ಕೋಪಿಸಿಕೊಳ್ಳಲಿಲ್ಲ. "ಸೀಟಿನ ಹಿಂದಿನ ಚರ್ಮದ ಚೀಲವನ್ನೂ ಕೊಟ್ಟೆಯೇನಪ್ಪಾ?" ಎಂದಷ್ಟೇ ಕೇಳಿದರು. ಚೀಲ ಉಳಿದಿತ್ತು. ಅದನ್ನು ತಲೆದಿಂಬಿನ ಬಳಿ ಇರಿಸಿಕೊಂಡರು. ಅವರು ಹೋದ ಮೇಲೆ ಬಿಚ್ಚಿ ನೋಡಿದಾಗ ಒಳಗಿದ್ದುದು ಟೈರು ಬಿಚ್ಚುವ ಎರಡು ಕಬ್ಬಿಣದ ಪಟ್ಟಿಗಳು, ಉಜ್ಜುಕಾಗದ, ಒಣಗಿಹೋದ ಸೊಲ್ಯೂಷನ್ನಿನ ಕೊಳವೆ, ಮತ್ತು ಮಡಿಸಿಟ್ಟ ಹಳೆಯ ಪಂಚೆಯ ಒಂದು ಚೂರು. ಆ ಬಟ್ಟೆಯ ಚೂರೇಕೆ ಎಂಬುದು ಮಗನಿಗೆ ಹೊಳೆಯಲಿಲ್ಲ. ಕೈ ಒರಸಲಿಕ್ಕಿರಬೇಕೆಂದುಕೊಂಡರು.

ಹುಣಸೂರಿನ ಅವಮಾನದ ಬಳಿಕ ಗೃಹಸ್ಥರು ಹಜಾರದಲ್ಲಿ ಕುಳಿತು ಹತ್ತಾರು ಸಲ ಟ್ಯೂಬನ್ನು ಬಿಚ್ಚಿ ಹಾಕಿ ಅಭ್ಯಾಸ ಮಾಡಿದರು. ಹೊಸ ಸಾಮಗ್ರಿಗಳೊಡನೆ ತಂದೆಯ ಬಟ್ಟೆಯ ಚೂರನ್ನೂ ಚೀಲಕ್ಕೆ ಸೇರಿಸಿ, ಮರುವರ್ಷ ಬೆಳಗಿನ ಆರು ಗಂಟೆಗೆ ಹೊರಟರು.

ಇಲವಾಲ, ಬಿಳಿಕೆರೆ, ಹುಣಸೂರು ಹಿಂದಾದವು. ಹೊಗೆಸೊಪ್ಪಿನ ಹೊಲಗಳ ನಡುವೆ ಪಿರಿಯಾಪಟ್ಟಣ ಕಳೆಯಿತು. ಕುಶಾಲನಗರದಲ್ಲಿ ಕಾವೇರಿಯನ್ನು ದಾಟಿ, ಕಾಫಿ ತೋಟಗಳ ನೆರಳಿನಲ್ಲಿ ಏರುದಾರಿಯನ್ನು ಹತ್ತಿ, ಹನ್ನೆರಡೂಕಾಲಕ್ಕೆ ಸುಂಟಿಕೊಪ್ಪದಲ್ಲಿ ಮುದ್ರೆ ಹಾಕಿಸಿಕೊಂಡರು. ಹಿಂದಿರುಗಲು ಸಂಜೆ ಏಳೂವರೆಯವರೆಗೆ ಕಾಲವಿತ್ತು.

ಎರಡೂವರೆಯ ಸುಮಾರಿಗೆ, ಪಿರಿಯಾಪಟ್ಟಣದ ಹತ್ತಿರ, ಹಿಂದಿನ ಗಾಲಿ ಉಸಿರು ಬಿಟ್ಟಿತು. ಗೃಹಸ್ಥರು ಎದೆಗುಂದಲಿಲ್ಲ. ಹಜಾರದಲ್ಲಿ ಕಲಿತಂತೆಯೇ ಟೈರು ಕಳಚಿ, ಹೊಸ ಟ್ಯೂಬು ತೊಡಿಸಿ, ಪಂಪು ಹೊಡೆದು, ಹೆಮ್ಮೆಯಿಂದ ಏರಿ ಕುಳಿತರು. ಎಂಟು ಕಿಲೋಮೀಟರು ಸಾಗುವುದರೊಳಗೆ ಗಾಲಿ ಮತ್ತೆ ನೆಲಕ್ಕೆ ಅಂಟಿತು.

ಈಗ ಹೊಸ ಟ್ಯೂಬಿರಲಿಲ್ಲ. ಹುಣಸೆಯ ಮರದ ನೆರಳಿನಲ್ಲಿ ಕುಳಿತು ಎರಡು ಟ್ಯೂಬುಗಳನ್ನೂ ತೊಡೆಯ ಮೇಲೆ ಹರಡಿ, ಗಾಳಿ ತುಂಬಿ ಕಿವಿಗೆ ಹಿಡಿದರು. ಬಾಯಿಯಿಂದ ಗೇಣಳತೆಯಲ್ಲಿ ನೋಡಿದರೆ ಎರಡರಲ್ಲಿಯೂ ರಂಧ್ರ ಒಂದೇ ಎಡೆಯಲ್ಲಿತ್ತು! ಆಗ, ಎಷ್ಟೋ ವರ್ಷಗಳ ಹಿಂದೆ ಅಂಗಳದಲ್ಲಿ ಕೇಳಿದ ಮಾತೊಂದು ನೆನಪಿನ ತಳದಿಂದ ಮೇಲೆದ್ದಿತು: "ಮುಳ್ಳನ್ನು ಹುಡುಕದೆ ತೇಪೆ ಹಾಕಬೇಡ, ಮಗು." ಜೊತೆಗೇ ತಂದೆಯ ಕೈಯೂ ಕಣ್ಣಿಗೆ ಕಟ್ಟಿತು. ಟೈರಿನ ಒಳಮೈಯಲ್ಲಿ ಪಂಚೆಯ ಚೂರನ್ನು ಮೆಲ್ಲಗೆ ಎಳೆಯುತ್ತಿದ್ದ ಕೈ.

ಅವರು ಬಟ್ಟೆಯನ್ನು ಬಿಡಿಸಿ ಹಾಗೆಯೇ ಎಳೆದರು. ಬೆರಳಿಗೂ ಕಣ್ಣಿಗೂ ತಿಳಿಯದಿದ್ದ ಕಡೆ ನೂಲಿನ ಎಳೆ ಸಿಕ್ಕಿಕೊಂಡಿತು. ಅಲ್ಲಿದ್ದುದು ಜಾಲಿಯ ಮುಳ್ಳಲ್ಲ. ಸಿಡಿದುಹೋದ ಲಾರಿ ಟೈರಿನಿಂದ ಉದುರಿದ, ಕೂದಲಿನಷ್ಟು ಸಣ್ಣ ಉಕ್ಕಿನ ತಂತಿ. ಹಜಾರದ ಅಭ್ಯಾಸದಲ್ಲಿ ಯಾರೂ ಟೈರಿನೊಳಗೆ ಮುಳ್ಳಿಟ್ಟಿರಲಿಲ್ಲ.

ತಂತಿಯನ್ನು ಕಿತ್ತು, ರಂಧ್ರದ ಸುತ್ತ ಉಜ್ಜಿ, ಸೊಲ್ಯೂಷನ್ ಸವರಿದರು. ಕಠಿನವಾದುದು ಮುಂದಿನ ಕೆಲಸ: ಏನನ್ನೂ ಮಾಡದೆ ಕುಳಿತಿರುವುದು. ಸೊಲ್ಯೂಷನ್ ಒಣಗುವ ಮೊದಲೇ ತೇಪೆ ಒತ್ತಿದರೆ ಅದು ನಿಲ್ಲುವುದಿಲ್ಲ. ಗಡಿಯಾರವೋ ಓಡುತ್ತಿತ್ತು. ಆತುರದ ಹುಡುಗನನ್ನು ತಡೆಯಲು ಮೇಷ್ಟರು ಆಗ ಹದಿನಾರರ ಮಗ್ಗಿಯನ್ನು ಹೇಳಿಸುತ್ತಿದ್ದರು. ಅರವತ್ತರ ಗೃಹಸ್ಥರು ರಸ್ತೆಬದಿಯಲ್ಲಿ ಗಟ್ಟಿಯಾಗಿ ಮಗ್ಗಿ ಹೇಳತೊಡಗಿದರು. ಸಹಸವಾರನಾದ ತರುಣನೊಬ್ಬ ಗಾಬರಿಯಿಂದ ನಿಂತು, "ಸಾರ್, ಬಿಸಿಲು ಹೆಚ್ಚಾಯಿತೇ? ನೀರು ಕೊಡಲೇ?" ಎಂದ.

"ಏನೂ ಇಲ್ಲಪ್ಪ, ಹದಿನಾರೆಂಟಲ ನೂರಿಪ್ಪತ್ತೆಂಟಕ್ಕೆ ಬಂದಿದ್ದೇನೆ. ಇನ್ನೆರಡು ಸಾಲು ಬಾಕಿ. ನೀನು ನಡೆ."

ತೇಪೆ ನಿಂತಿತು. ಹುಣಸೂರು, ಬಿಳಿಕೆರೆಗಳು ಈ ಸಲ ಹಿಮ್ಮುಖವಾಗಿ ಸಾಗಿಹೋದವು. ಕತ್ತಲಾಗಿ ದೀಪ ಹಚ್ಚಿಕೊಂಡು, ಕಾಲುಗಳಲ್ಲಿ ಜೀವವಿದೆಯೋ ಇಲ್ಲವೋ ಎಂಬ ಸ್ಥಿತಿಯಲ್ಲಿ ಊರು ಮುಟ್ಟಿ ಕೊನೆಯ ಮುದ್ರೆಗೆ ಚೀಟಿ ಚಾಚಿದಾಗ ಗಂಟೆ ಏಳು ಇಪ್ಪತ್ತೆರಡು. ಗಡುವಿಗೆ ಎಂಟು ನಿಮಿಷಗಳಿದ್ದವು.

ಮರುದಿನ ಬೆಳಿಗ್ಗೆ ಪತ್ನಿ ಕಾಫಿ ತಂದಾಗ ಗೃಹಸ್ಥರು ಅಂಗಳದಲ್ಲಿದ್ದರು. ಸೈಕಲ್ಲು ತಲೆಕೆಳಗಾಗಿ ನಿಂತಿತ್ತು. ಚೈನನ್ನು ತೊಳೆದು ಒರಸಿ, ತಂದೆಯ ಅಡಿಪಟ್ಟಿಯನ್ನು ಅದಕ್ಕೆ ಹಿಡಿದಿದ್ದರು. ಸೈಕಲ್ಲಿನ ಚೈನಿನಲ್ಲಿ ಗುಂಡಿಯಿಂದ ಗುಂಡಿಗೆ ಅರ್ಧ ಅಂಗುಲ; ಇಪ್ಪತ್ತನಾಲ್ಕು ಕೊಂಡಿಗಳಿಗೆ ಸರಿಯಾಗಿ ಒಂದಡಿ. ಸವೆದಂತೆಲ್ಲ ಅದು ಉದ್ದವಾಗುತ್ತದೆ. ಅಡಿಯ ಮೇಲೆ ಅಂಗುಲದ ಹದಿನಾರನೆಯ ಒಂದು ಭಾಗ ಮೀರಿದರೆ ಚೈನನ್ನು ಬದಲಾಯಿಸಬೇಕು. ಎಂಟನೆಯ ಒಂದು ಭಾಗವಾಗುವ ತನಕ ಕಾದರೆ ಹಲ್ಲಿನ ಚಕ್ರಗಳನ್ನೂ ತಿಂದುಹಾಕಿರುತ್ತದೆ. ಭಾನುವಾರಗಳಲ್ಲಿ ಮೇಷ್ಟರು ಅಳೆಯುತ್ತಿದ್ದುದು ಇದನ್ನೇ.

"ಮೈಕೈ ನೋವೆಂದು ರಾತ್ರಿಯೆಲ್ಲ ನರಳಿದಿರಿ. ಬೆಳಗಾಗುತ್ತಲೇ ಇದೇನು ಅಳತೆ?" ಎಂದು ಪತ್ನಿ ಕೇಳಿದರು.

"ಒಂದು ಗೆರೆ ಮೀರಿದೆ. ಹೊಸ ಚೈನು ಬೇಕು."

"ಮುನ್ನೂರಕ್ಕೂ ಹೆಸರು ಕೊಟ್ಟು ಬಂದಿದ್ದೀರೋ?"

ಗೃಹಸ್ಥರು ಉತ್ತರಿಸಲಿಲ್ಲ. ಎಣ್ಣೆ ಬಳಿದಿದ್ದ ಪಂಚೆಯ ಚೂರನ್ನು ಸಾಬೂನಿನಲ್ಲಿ ಒಗೆದು, ಹಿಂಡಿ, ಬಿಸಿಲಿಗೆ ಹರವಿದರು. ಅದು ಒಣಗಿದ ಮೇಲೆ ತಂದೆ ಮಡಿಸಿಟ್ಟಿದ್ದಂತೆಯೇ ನಾಲ್ಕು ಮಡಿಕೆ ಮಾಡಿ ಚೀಲದೊಳಕ್ಕೆ ಇಟ್ಟರು.