ಪುಟ್ಟ ಬಂಡೆಯ ಪಟ್ಟಣ

ಅಮೆರಿಕದ ಅರ್ಕನ್ಸಾ ಸಂಸ್ಥಾನದ ರಾಜಧಾನಿ ಲಿಟ್ಲ್ ರಾಕ್. ಹೊಳೆಯ ದಂಡೆಯ ಪುಟ್ಟ ಬಂಡೆಯೊಂದು ಊರಿಗೆ ಈ ಹೆಸರನ್ನಿತ್ತಿತು. ಪೇಟೆಯ ಪಡುವಣಕ್ಕೆ, ಹಿಂದೆ ಸೆರೆಮನೆಯಿದ್ದ ನೆಲದಲ್ಲಿ, ಬೆಳ್ಳನೆಯ ಸುಣ್ಣಕಲ್ಲಿನ ಶಾಸನಭವನ ತಲೆಯೆತ್ತಿ ನಿಂತಿದೆ. 1899ರಲ್ಲಿ ಆರಂಭವಾದ ಕಟ್ಟಡ ಮುಗಿದುದು 1915ರಲ್ಲಿ. ಅದರ ಆರು ಕಂಚಿನ ಬಾಗಿಲುಗಳು ಎಂಥವರ ಕಣ್ಣನ್ನೂ ಸೆಳೆಯುತ್ತವೆ. ಸಂಸ್ಥಾನದ ಮುದ್ರೆಯಲ್ಲಿ ಎರಡು ಲ್ಯಾಟಿನ್ ಪದಗಳುಂಟು. 'ಪ್ರಜೆಗಳೇ ಪ್ರಭುಗಳು' ಎಂಬುದು ಅವುಗಳ ತಾತ್ಪರ್ಯ.

ಅದು ಬರಿಯ ಅಲಂಕಾರವಲ್ಲ. ಸಾಕಷ್ಟು ಮತದಾರರು ರುಜು ಹಾಕಿದರೆ ಸಂವಿಧಾನದ ತಿದ್ದುಪಡಿಯನ್ನೇ ಜನರ ಮತಕ್ಕಿಡುವ ಹಕ್ಕು ಅಲ್ಲಿಯವರಿಗಿದೆ. 2022ರ ಜೂನ್‌ನಿಂದ ಆ ನಾಡಿನಲ್ಲಿ, ತಾಯಿಯ ಪ್ರಾಣವುಳಿಸುವ ಸಂದರ್ಭದ ಹೊರತು, ಗರ್ಭಪಾತ ನಿಷಿದ್ಧ, ಬಲಾತ್ಕಾರಕ್ಕೊಳಗಾದವಳಿಗೂ ವಿನಾಯಿತಿಯಿಲ್ಲ. ಇದನ್ನು ಸಡಿಲಿಸಬಯಸಿದ ನಾಗರಿಕರು 2024ರ ಜುಲೈ 5ರಂದು ಒಂದು ಲಕ್ಷಕ್ಕೂ ಮಿಕ್ಕ ರುಜುಗಳನ್ನು ಈ ಭವನಕ್ಕೆ ತಂದೊಪ್ಪಿಸಿದರು. ಬೇಕಾಗಿದ್ದುದು 90,704.

ಐದೇ ದಿನಗಳಲ್ಲಿ ಅಂದಿನ ರಾಜ್ಯ ಕಾರ್ಯದರ್ಶಿ ಜಾನ್ ಥರ್ಸ್ಟನ್ ಅರ್ಜಿಯನ್ನು ತಿರಸ್ಕರಿಸಿದರು. ರುಜುಗಳು ಸುಳ್ಳೆಂದಲ್ಲ; ಸಂಬಳ ಪಡೆದ ಸಂಗ್ರಾಹಕರ ತರಬೇತಿಯನ್ನು ಕುರಿತ ಪ್ರಮಾಣಪತ್ರ ಅರ್ಜಿಯೊಡನೆ ಕ್ರಮವಾಗಿ ಸಲ್ಲಲಿಲ್ಲವೆಂದು! ಅವರು ತಂದ ರುಜುಗಳನ್ನು ಕಳೆದರೆ ಸ್ವಯಂಸೇವಕರವು ಮಾತ್ರ ಸಾಲವು. ಆಗಸ್ಟ್ 22ರಂದು ಸಂಸ್ಥಾನದ ಸರ್ವೋಚ್ಚ ನ್ಯಾಯಾಲಯವೂ ನಾಲ್ಕಕ್ಕೆ ಮೂರು ಮತಗಳಿಂದ ಅಧಿಕಾರಿಯ ಮಾತನ್ನೇ ಎತ್ತಿಹಿಡಿಯಿತು. ನವೆಂಬರ್‌ನ ಮತಪತ್ರದಲ್ಲಿ ಆ ಪ್ರಶ್ನೆ ಮೂಡಲೇ ಇಲ್ಲ.

ಜನ ಒಪ್ಪುತ್ತಿದ್ದರೋ ಒಲ್ಲೆನ್ನುತ್ತಿದ್ದರೋ, ಹೇಳಬಲ್ಲವರಾರು? ಕೇಳಿದ್ದರಲ್ಲವೆ ತಿಳಿಯುವುದು! ಪ್ರಭುಗಳೆನಿಸಿದ ಪ್ರಜೆಗಳು ಬಾಗಿಲವರೆಗೆ ಬಂದರು. ಒಂದು ಕಾಗದ ಅವರನ್ನು ಹೊರಗೇ ನಿಲ್ಲಿಸಿತು.